ಯಜಮಾನರ ಧ್ವನಿಯಲ್ಲಿ ಮಾತಾಡುವ ಡಬ್ಬಿ

ನಾನು ಕೆಲಸ ಮಾಡುವುದು ಶಿಕಾರಿಪುರದ ಒಂದು ಸಣ್ಣ ಅಂಗಡಿಯಲ್ಲಿ. ಗದ್ದೆಯ ಪಂಪನ್ನು ಫೋನಿನಿಂದಲೇ ನಡೆಸುವ, ನಿಲ್ಲಿಸುವ ಡಬ್ಬಿ ಮಾಡುತ್ತೇವೆ. ಒಳಗೆ ಪುಟ್ಟ ಲಿನಕ್ಸ್ ಕಂಪ್ಯೂಟರ್, ಒಂದು ಬ್ಯಾಟರಿ. ಹೊರಗೆ ಒಂದು ಹಾರ್ನ್. "ಮೋಟರ್ ಬಂದ್ ಆಗೈತಿ, ಇಳೀರಿ" ಎಂದು ಹಾರ್ನಿನಲ್ಲಿ ಹೇಳುವುದು ನಮ್ಮ ಯಜಮಾನರ ಧ್ವನಿ. ಅಂದರೆ, ನಾನು ಅನುಕರಿಸಿದ ಯಜಮಾನರ ಧ್ವನಿ. ಮಿಮಿಕ್ರಿ ನನಗೆ ಕೆಮ್ಮಿನ ಹಾಗೆ, ತಡೆಯಲಾಗುವುದಿಲ್ಲ.

ಡಬ್ಬಿಯೊಳಗಿನ ಪ್ರೋಗ್ರಾಮುಗಳ ನಡುವೆ ಸಂದೇಶ ಹೊತ್ತು ತಿರುಗಲಿಕ್ಕೇ ಇನ್ನೊಂದು ಪ್ರೋಗ್ರಾಮು ಇರುತ್ತದೆ. ಹಳೆಯದು ಮೆಮೊರಿ ಜಾಸ್ತಿ ತಿನ್ನುತ್ತದೆಂದು ಹಗುರವಾದ ಬೇರೊಂದನ್ನು ಹಾಕಿ ಡಬ್ಬಿಯ ಸಾಫ್ಟ್‌ವೇರನ್ನು ಹೊಸದಾಗಿ ಕಟ್ಟಿದ್ದೆ. ಅಂಗಡಿಯ ಮೇಜಿನ ಮೇಲೆ ಎಲ್ಲವೂ ಸರಾಗ. ಆನವಟ್ಟಿ ಕಡೆಯ ಗೌಡರೊಬ್ಬರ ಗದ್ದೆಯಲ್ಲಿ ಪರೀಕ್ಷಿಸಲು ಯಜಮಾನರೂ ನಾನೂ ಬೈಕಿನಲ್ಲಿ ಹೋದೆವು.

ಮಧ್ಯಾಹ್ನ, ಕರೆಂಟ್ ಇರಲಿಲ್ಲ. ಯಾವಾಗ ಬರುತ್ತದೋ ಗೊತ್ತಿಲ್ಲದ್ದರಿಂದ, ಬಂದ ಕೂಡಲೇ ಮೋಟರ್ ತಾನೇ ಹೊರಡುವಂತೆ ಎಲ್ಲರೂ ಆಟೋದಲ್ಲಿಟ್ಟಿರುತ್ತಾರೆ. ಹೊಂಡದಲ್ಲಿದ್ದ ಪಂಪಿನ ತಿರುಗುವ ಭಾಗಕ್ಕೆ ಹಗ್ಗ ಸುತ್ತಿಕೊಂಡಿತ್ತು. ಯಜಮಾನರು ಫೋನಿನಲ್ಲಿ ಬಂದ್ ಒತ್ತಿದರು. ಹಾರ್ನ್ ಇಳೀರಿ ಎಂದಿತು.

"ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕಂಡು ಇಳೀರಿ ಮಾರಾಯ್ರೆ," ಎಂದರು ಗೌಡರು. ನಾನು ಅದೇ ಮಾತನ್ನು ಅವರದೇ ಮೂಗಿನ ಧ್ವನಿಯಲ್ಲಿ ಹೇಳಿದೆ. ಗೌಡರು ನಕ್ಕು, ಚಾ ತರಲು ಮನೆಗೆ ಹೋದರು. "ಡಬ್ಬಿ ಹೇಳೈತಲ್ಲ," ಎಂದು ಯಜಮಾನರು ಇಳಿದರು.

ಬದುವಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ. ಡಬ್ಬಿ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್‌ನಲ್ಲಿ ಒಂದು ಸಾಲು: ಬಂದ್ ಸಂದೇಶ ಪಡೆಯುವವರು ಯಾರೂ ಇಲ್ಲ.

ಕರೆಂಟ್ ಇಲ್ಲದಾಗ ಮೋಟರ್ ನೋಡಿಕೊಳ್ಳುವ ಪ್ರೋಗ್ರಾಮು ಮಲಗಿರುತ್ತದೆ. ಸಂದೇಶ ಹೊರುವ ಹಳೆಯ ಪ್ರೋಗ್ರಾಮಾದರೆ ಅದನ್ನು ಎಬ್ಬಿಸಿ ಸಂದೇಶ ಕೊಡುತ್ತಿತ್ತು. ಹೊಸದು ಎಬ್ಬಿಸದೆ ವಾಪಸು ಬಂದಿತ್ತು. ಹಾರ್ನ್ ಮಾತ್ರ ಅದಕ್ಕೆಲ್ಲ ಕಾಯದೆ ಮಾತಾಡಿಬಿಟ್ಟಿತ್ತು. ಮೋಟರ್ ಇನ್ನೂ ಆಟೋದಲ್ಲೇ ಇತ್ತು. ಯಜಮಾನರ ಕೈ ಪಂಪಿನೊಳಗಿತ್ತು.

"ಯಜಮಾನ್ರೇ, ಕೈ ತೆಗೀರಿ! ಬಂದ್ ಆಗಿಲ್ಲ!"

"ಇದ್ಯಾರ ಧ್ವನಿನೋ?" ಹೊಂಡದಿಂದ ನಗು ಬಂತು. "ಹೆದರಿದೋರ್ದು ಚೊಲೋ ಮಾಡ್ತಿ ಬಿಡು."

"ನಂದೇ ರೀ! ನನ್ನ ಸ್ವಂತದ್ದು!"

"ನಿನಗ ಸ್ವಂತದ್ದೂ ಐತೇನು?"

ಮೋಟರಿನ ಬೋರ್ಡಿದ್ದ ಶೆಡ್ಡಿನ ಕಡೆ ಓಡಿದೆ. ಕೆಸರಿಗೆ ಒಂದು ಚಪ್ಪಲಿ ಹೋಯಿತು. ಮೇನ್ ಸ್ವಿಚ್ಚಿನ ಹಿಡಿ ಎಂದೋ ಮುರಿದಿತ್ತು. ಮೊದಲ ಫ್ಯೂಸ್ ಸಲೀಸಾಗಿ ಬಂತು. ಎರಡನೆಯದು ಬೆವರಿದ ಕೈಯಿಂದ ಜಾರಿತು. ಅಂಗಿಯ ತುದಿಯಲ್ಲಿ ಹಿಡಿದು ಎಳೆದೆ. ಮೂರನೆಯದು ತುಕ್ಕು ಹಿಡಿದಿತ್ತು. ನನ್ನ ಬಾಯಿಂದ ಯಾರ ಧ್ವನಿಯೂ ಅಲ್ಲದ ಒಂದು ಸದ್ದು ಹೊರಟಿತು. ಫ್ಯೂಸ್ ಬಂತು. ಮೂರನ್ನೂ ಜೇಬಿಗೆ ತುರುಕಿ ಗೋಡೆಗೆ ಒರಗಿದೆ. ಎಷ್ಟು ಹೊತ್ತಾಯಿತೋ, ಬೋರ್ಡಿನ ಕೆಂಪು ದೀಪ ಹತ್ತಿತು. ಪಕ್ಕದ ಗದ್ದೆಯ ಮೋಟರ್ ಗುಂಯ್ ಎಂದಿತು.

ಯಜಮಾನರು ಹಗ್ಗದ ಚೂರು ಹಿಡಿದೇ ಮೇಲೆ ಬಂದರು. ದೀಪ ನೋಡಿದರು, ಉಬ್ಬಿದ ನನ್ನ ಜೇಬು ನೋಡಿದರು, ಆಮೇಲೆ ತಮ್ಮ ಬೆರಳುಗಳನ್ನು.

"ಹಾರ್ನಿನ್ಯಾಗ ಇದ್ದಿದ್ದು ನನ್ನ ಧ್ವನಿ ಅಲ್ಲೇನೋ?"

"ಹೌದ್ರಿ."

"ನನ್ನ ಮಾತು ನಂಬಿ ನಾನಽ ಇಳಿದ್ನಲ್ಲೋ!"

ನಗಬೇಕೆಂದುಕೊಂಡೆ, ಹಲ್ಲು ಕಟಕಟ ಎಂದವು. ಅವರು ಫೋನ್ ತೆಗೆದು ರೆಕಾರ್ಡಿಂಗ್ ಒತ್ತಿ ನನ್ನ ಬಾಯಿಯ ಹತ್ತಿರ ಹಿಡಿದರು. "ಹಳೇ ಪ್ರೋಗ್ರಾಮು ಆಮ್ಯಾಲೆ ಹಾಕುವಂತಿ. ಮೊದ್ಲು ಫ್ಯೂಸ್ ಕೀಳ್ರಿ ಅನ್ನು. ಈ ನಡುಕ ಹೋಗೋದ್ರೊಳಗ."

ಈಗ ನಮ್ಮ ಡಬ್ಬಿಗಳಲ್ಲೆಲ್ಲ ಬರುವುದು ಆ ಧ್ವನಿ.