ಸವೆಯದ ತುಂಡು

ಹೋದ ತಿಂಗಳು ನೆಟ್ಟಣದ ರೈಲು ನಿಲ್ದಾಣದಲ್ಲಿ ಗಾಡಿಗೆ ಕಾಯುತ್ತ ಕೂತಿದ್ದೆ. ಹೊರಗೆ ಒಂದು ಪಿಕಪ್ ಬಂದು ನಿಂತಿತು. ಹಿಂದೆ ತುಂಬ ರಬ್ಬರ್ ಶೀಟು. ಗಾಳಿ ನಮ್ಮ ಕಡೆ ತಿರುಗಿದ್ದೇ ತಡ, ಹೊಗೆಯಲ್ಲಿ ಒಣಗಿದ ರಬ್ಬರಿನ ಕಮಟು, ಅದರ ಅಡಿಯಲ್ಲಿ ರಬ್ಬರ್ ಮರದ ಹಾಲು ಹೆಪ್ಪುಗಟ್ಟಿಸುವ ಆಸಿಡ್ಡಿನ ಚುರುಕು ವಾಸನೆ ಮೂಗಿಗೆ ಬಂತು. ಕೆಂಪಿರುವೆಯನ್ನು ಬೆರಳಲ್ಲಿ ಹೊಸಕಿದರೆ ಬರುವುದೂ ಅದೇ ವಾಸನೆ. ಪಕ್ಕದಲ್ಲಿದ್ದವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಮುಚ್ಚಿಕೊಳ್ಳಲಿಲ್ಲ. ಪಾಟಿಯ ಸೀರೆಯಿಂದ ಇದೇ ವಾಸನೆ ಬರುತ್ತಿತ್ತು…

ಪಾಟಿ ಎಂದರೆ ತಮಿಳಿನಲ್ಲಿ ಅಜ್ಜಿ. ಸಂಬಂಧದಲ್ಲಿ ಅವರು ನನಗೆ ಏನೂ ಅಲ್ಲ. ನಮ್ಮೂರು ಮರ್ಕಂಜದಿಂದ ಸ್ವಲ್ಪ ದೂರದ ರಬ್ಬರ್ ತೋಟದಲ್ಲಿ ಟ್ಯಾಪಿಂಗ್, ಅಂದರೆ ತೊಗಟೆ ಕೊರೆದು ಹಾಲು ಇಳಿಸುವ ಕೆಲಸ, ಮಾಡುತ್ತಿದ್ದ ಹೆಂಗಸು. ಸಿಲೋನಿನ ಚಹಾ ತೋಟಗಳಿಂದ ಸರಕಾರ ಕರೆತಂದು ನಮ್ಮ ಕಡೆ ನೆಲೆಗೊಳಿಸಿದ ತಮಿಳರಲ್ಲಿ ಅವರೂ ಒಬ್ಬರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಐವತ್ತೈದು ದಾಟಿರಬಹುದು ಅಷ್ಟೆ, ಆದರೂ ಕೂಲಿಯವರ ಲೈನ್ ಮನೆಗಳ ಸಾಲಿನಲ್ಲಿ ಎಲ್ಲರಿಗೂ ಅವರು ಪಾಟಿಯೇ.

ಆಗ ನನಗೆ ಇಪ್ಪತ್ತನಾಲ್ಕು. ಎಂ.ಎಸ್ಸಿ. ಮುಗಿಸಿ, ಘಟ್ಟದ ಮೇಲಿನ ಒಂದು ಪಟ್ಟಣದಲ್ಲಿ ಹಳೆಯ ಲೋಹಗಳನ್ನು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದೆ. ಒಂದು ದಿನ ನಮ್ಮ ಸರ್ ಕರೆದು, "ನಿಮ್ಮೂರಿನ ಹತ್ತಿರ ಹಳೇ ಸಮಾಧಿ ಸಿಕ್ಕಿದೆಯಂತೆ. ತಾಮ್ರದ ಬಳೆ ಒಂದಿದೆಯಂತೆ. ಸಿಕ್ಕಿದವರು ಕೊಡ್ತಾ ಇಲ್ಲವಂತೆ. ನೀನೇ ಹೋಗಿ ಮಾತಾಡಿ ತಗೊಂಡು ಬಾ" ಎಂದರು. ಊರಿಗೆ ಹೋಗಲು ರಜೆ ಸಿಕ್ಕಿತೆಂಬ ಖುಷಿಯಲ್ಲಿ ಹೊರಟೆ.

ತೋಟದ ಲೆಕ್ಕ ಬರೆಯುವ ರೈಟರು ನನ್ನನ್ನು ಗುಡ್ಡಕ್ಕೆ ಕರೆದುಕೊಂಡು ಹೋದರು. ಹಳೆಯ ಮರ ಕಡಿದು, ಹೊಸ ಗಿಡಕ್ಕೆ ಗುಂಡಿ ತೋಡುವ ಕೆಲಸ ನಡೆದಿತ್ತು. ಪಾಟಿಯ ಪಿಕ್ಕಾಸು ಒಂದು ಕಡೆ ಟೊಳ್ಳಾಗಿ ಸದ್ದು ಮಾಡಿತಂತೆ. ಮಣ್ಣು ಸರಿಸಿದರೆ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ದುಂಡು ಮುಚ್ಚಳ. ಅದರ ಕೆಳಗೆ ಮುರಕಲ್ಲನ್ನೇ ಕೊರೆದು ಮಾಡಿದ ಕೋಣೆ, ಕವುಚಿಟ್ಟ ಮಡಕೆಯ ಒಳಗಿನ ಹಾಗೆ. ಬಾಯಲ್ಲಿ ಒಬ್ಬರು ಇಳಿಯುವಷ್ಟೇ ಜಾಗ. ಉಳಿದವರು ಹೆದರಿ ದೂರ ನಿಂತರು. ಪಾಟಿ ಇಳಿದರು. ಕಪ್ಪು-ಕೆಂಪು ಮಡಕೆಗಳನ್ನೂ ತುಕ್ಕು ಹಿಡಿದ ಕತ್ತಿಯನ್ನೂ ಮೇಲೆ ಕೊಟ್ಟರು. ಬಳೆಯನ್ನು ಮಾತ್ರ ಸೆರಗಿಗೆ ಕಟ್ಟಿಕೊಂಡು ಮನೆಗೆ ಹೋದರು.

"ಆ ಹೆಂಗಸು ಕೊಡುದಿಲ್ಲ ಮಾರಾಯ್ರೆ. ಕದಿಯುವ ಬುದ್ಧಿಯವರಲ್ಲ, ಆದ್ರೆ ಇದೊಂದು ವಿಷಯದಲ್ಲಿ ಎಂತ ಆಗಿದೆಯೋ ಗೊತ್ತಿಲ್ಲ. ನೀವೇ ಕೇಳಿ ನೋಡಿ" ಎಂದರು ರೈಟರು.

ಪಾಟಿ ಅಂಗಳದಲ್ಲಿ ಕೂತು ಟ್ಯಾಪಿಂಗ್ ಕತ್ತಿ ಮಸೆಯುತ್ತಿದ್ದರು. ನಾನು ಬಂದ ಕಾರಣ ಹೇಳಿದ ಮೇಲೂ ಮಸೆಯುವುದನ್ನು ನಿಲ್ಲಿಸಲಿಲ್ಲ. ಬಹಳ ಹೊತ್ತಿನ ಮೇಲೆ ಒಳಗೆ ಹೋಗಿ ಹಾಲಿನ ಪುಡಿಯ ಒಂದು ಹಳೇ ಡಬ್ಬ ತಂದರು. ಒಳಗೆ ಬಟ್ಟೆಯ ಮೇಲೆ ಬಳೆ ಮಲಗಿತ್ತು. ಪೂರಾ ಹಸಿರು. ಅದರೊಳಗೆ ಹೆಬ್ಬೆರಳಿನಷ್ಟುದ್ದದ ಎಲುಬಿನ ತುಂಡು, ಅದೂ ಹಸಿರು. ನಮ್ಮ ಮಣ್ಣು ಹುಳಿ ಮಣ್ಣು. ಅದರಲ್ಲಿ ಎಲುಬು ಉಳಿಯುವುದಿಲ್ಲ, ಕರಗಿ ಹೋಗುತ್ತದೆ. ಇಡೀ ದೇಹದಲ್ಲಿ ತಾಮ್ರ ತಾಗಿದ್ದ ಜಾಗ ಮಾತ್ರ ಉಳಿದಿತ್ತು.

"ಮುಚ್ಚಳ ಎತ್ತಿದಾಗ ಒಳಗಿಂದ ಗಾಳಿ ಬಂತು, ತಣ್ಣಗೆ" ಎಂದರು ಪಾಟಿ. "ಯಾರೋ ಉಸಿರು ಹಿಡ್ಕೊಂಡು ಕೂತಿದ್ದವರು ಬಿಟ್ಟ ಹಾಗೆ. ನಾನು ಹೆದರ್ಲಿಲ್ಲ. ಇದು ಮಕ್ಕಳ ಕೈ, ಕಣ್ಣು. ಮಕ್ಕಳಿಗೆ ಯಾರು ಹೆದರ್ತಾರೆ?"

'ಕಣ್ಣು' ಎನ್ನುವುದು ಅವರು ನನ್ನನ್ನು ಕರೆದದ್ದು. ಅವರ ಭಾಷೆಯಲ್ಲಿ ಮಕ್ಕಳನ್ನು ಮುದ್ದಿನಿಂದ ಕರೆಯುವುದು ಹಾಗೆ.

ಆಮೇಲೆ ಅವರು ತಮ್ಮ ಮಗಳ ವಿಷಯ ಹೇಳಿದರು. ಸಿಲೋನಿನಲ್ಲಿ, ಚಹಾ ತೋಟದ ಲೈನ್ ಮನೆಯಲ್ಲಿ ಹುಟ್ಟಿದ ಮಗು. ಐದು ವರ್ಷವಾಗಿದ್ದಾಗ ಮೂರು ದಿನದ ಜ್ವರಕ್ಕೆ ಹೋಯಿತು. ಬೆಟ್ಟದ ಮಗ್ಗುಲಲ್ಲಿ ಮಣ್ಣು ಮಾಡಿದರು. ಕೈಯಲ್ಲಿದ್ದ ತಾಮ್ರದ ಕಾಪನ್ನು, ಅಂದರೆ ಬಳೆಯನ್ನು, ತೆಗೆಯಲು ಪಾಟಿ ಬಿಡಲಿಲ್ಲ. ಎರಡು ವರ್ಷ ದಿನಾ ಕೆಲಸ ಮುಗಿಸಿ ಆ ದಾರಿಯಲ್ಲೇ ಮನೆಗೆ ಬರುತ್ತಿದ್ದರು. ಅಷ್ಟರಲ್ಲಿ ಪಟ್ಟಿ ಬಂತು. ಇಂಥಿಂಥವರು ಇಂಡಿಯಾಕ್ಕೆ ಹೋಗಬೇಕು, ಇಂಥ ದಿನ ಹಡಗು ಎಂದು. ಪಟ್ಟಿಯಲ್ಲಿ ಇವರ ಹೆಸರಿತ್ತು, ಗಂಡನ ಹೆಸರಿತ್ತು.

"ಅವಳ ಹೆಸರು ಇರ್ಲಿಲ್ಲ. ಹೇಗೆ ಇರ್ತದೆ? ಸತ್ತವರನ್ನು ಪಟ್ಟಿಯಲ್ಲಿ ಬರಿಯುದಿಲ್ಲ. ಅಲ್ಲೇ ಬಿಟ್ಟು ಬಂದೆ…"

ಡಬ್ಬದಲ್ಲಿದ್ದ ಬಳೆಯ ಕಡೆ ನೋಡಿ ಕೇಳಿದರು. "ಇದನ್ನು ಕತ್ತರಿಸ್ತೀರಾ?"

"ಇಲ್ಲ ಪಾಟಿ. ಯಂತ್ರದ ಕೆಳಗೆ ಇಟ್ಟು ನೋಡುದು, ಅಷ್ಟೆ."

"ಎಷ್ಟು ವರ್ಷದ ಮಗು ಅಂತ ನಿಮ್ಮ ಯಂತ್ರ ಹೇಳ್ತದಾ?"

"ನೋಡ್ತೇವೆ. ನಾನೇ ಬಂದು ಹೇಳ್ತೇನೆ."

"ಹೇಳಿದ್ರೆ ಸಾಲದು. ತಂದು ಕೊಡ್ಬೇಕು. ಗುಂಡಿ ಹಾಗೇ ಉಂಟು. ಅದರಲ್ಲಿ ಗಿಡ ನೆಡ್ಬೇಡಿ ಅಂತ ರೈಟರಿಗೆ ಹೇಳಿದ್ದೇನೆ."

"ತಂದು ಕೊಡ್ತೇನೆ" ಎಂದೆ. ಅದು ಆಗದ ಮಾತೆಂದು ನನಗೆ ಆಗಲೇ ಗೊತ್ತಿತ್ತು. ನೆಲದೊಳಗೆ ಸಿಕ್ಕಿದ್ದು ಸರಕಾರದ್ದು, ಒಮ್ಮೆ ನಂಬರು ಬಿದ್ದರೆ ತಿರುಗಿ ಹೋಗುವುದಿಲ್ಲ. ಆದರೂ ಹೇಳಿದೆ. ಪಾಟಿ ಡಬ್ಬವನ್ನು ಎರಡೂ ಕೈಯಲ್ಲಿ ನನ್ನ ಮಡಿಲಿಗಿಟ್ಟರು, ನಿದ್ದೆಯಲ್ಲಿರುವ ಮಗುವನ್ನು ಕೈ ಬದಲಾಯಿಸಿದ ಹಾಗೆ.

ಪ್ರಯೋಗಾಲಯದಲ್ಲಿ ಮೊದಲು ಎಕ್ಸ್-ರೇ ಹಾಯಿಸಿ ನೋಡಿದೆವು. ಸರಿಯಾದ ಉತ್ತರ ಬರಲಿಲ್ಲ. "ಮೇಲಿನ ಹಸಿರು ಸುಳ್ಳು ಹೇಳುತ್ತೆ. ಒಳಗಿನ ಲೋಹ ನೋಡದೆ ಏನೂ ಬರೆಯೋಕಾಗಲ್ಲ. ಅಕ್ಕಿಕಾಳಿನಷ್ಟು ಸಾಕು, ಕತ್ತರಿಸು" ಎಂದರು ಸರ್. ನಾನು ಕೊಟ್ಟ ಮಾತನ್ನು ಅವರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ, ಅಳುಮುಂಜಿ ಹುಡುಗಿ ಎಂದುಕೊಂಡಾರು ಎಂಬ ಹೆದರಿಕೆ. ಬಳೆಯ ಒಂದು ಕಡೆ ಸ್ವಲ್ಪ ದಪ್ಪವಿತ್ತು. ಅಲ್ಲೇ ಗರಗಸ ಇಟ್ಟೆ. ಕೂದಲಿನಷ್ಟು ತೆಳ್ಳಗಿನ ಗರಗಸ. ಅದರ ಸದ್ದು ಬಹಳ ಸಣ್ಣದು… ಆದರೆ ಈಗಲೂ ಕೆಲವು ಸಲ ಅಡುಗೆಮನೆಯಲ್ಲಿ ಒಬ್ಬಳೇ ಇರುವಾಗ ಕೇಳಿದಂತಾಗಿ ಕೈ ನಿಲ್ಲುತ್ತದೆ.

ಆ ಚೂರನ್ನು ಅಂಟಿನಲ್ಲಿ ಕೂರಿಸಿ, ಕನ್ನಡಿಯಂತಾಗುವವರೆಗೆ ಉಜ್ಜಿ, ದ್ರಾವಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ನಡುವಿನಲ್ಲಿ ಒಂದು ಓರೆ ಗೆರೆ. ಗೆರೆಯ ಆಚೆ ಒಂದು ಲೋಹ, ಈಚೆ ಇನ್ನೊಂದು. ಒಂದರಲ್ಲಿ ತವರ ಬೆರೆತಿತ್ತು, ಇನ್ನೊಂದು ಬಹುಪಾಲು ಬರೀ ತಾಮ್ರ. ಕಾಸಿ, ಬಡಿದು, ಒಂದರ ಮೇಲೊಂದು ಕೂರಿಸಿದ್ದರು. ಸರ್ ಇಣುಕಿ ನೋಡಿ ಬಹಳ ಹೊತ್ತು ತಲೆ ಎತ್ತಲಿಲ್ಲ.

"ಮಗು ಬೆಳೆದ ಹಾಗೆ ಬಳೆ ಬಿಗಿಯಾಗಿದೆ. ಬಿಡಿಸಿ, ತುಂಡು ಸೇರಿಸಿ, ದೊಡ್ಡದು ಮಾಡಿಸಿದ್ದಾರೆ" ಎಂದರು.

ಬಳೆಯ ಒಳಮೈಯನ್ನು ಲೆನ್ಸಿನಲ್ಲಿ ನೋಡಿದಾಗ ಇನ್ನೊಂದು ವಿಷಯ ತಿಳಿಯಿತು. ಹಳೆಯ ಭಾಗ ಚರ್ಮಕ್ಕೆ ತಾಗಿ ತಾಗಿ ನುಣುಪಾಗಿತ್ತು. ಸೇರಿಸಿದ ತುಂಡು ಸವೆದಿರಲೇ ಇಲ್ಲ. ಸುತ್ತಿಗೆಯ ಏಟಿನ ಗುರುತು ಹಾಗೆಯೇ ಇತ್ತು. ದೊಡ್ಡದು ಮಾಡಿಸಿದ ಮೇಲೆ ಮಗು ಅದನ್ನು ಹೆಚ್ಚು ದಿನ ತೊಟ್ಟಿರಲಿಲ್ಲ. ಎಲುಬು ನೋಡಿದ ಡಾಕ್ಟರು ಐದಾರು ವರ್ಷದ ಮಗು ಇರಬೇಕು, ಹೆಣ್ಣೋ ಗಂಡೋ ಹೇಳಲಾಗದು ಎಂದರು. ಅದು ಎರಡು ಸಾವಿರ ವರ್ಷಕ್ಕೂ ಹಿಂದಿನ ಮಗು. ವರದಿ ಬರೆದೆವು. ಎಲ್ಲರೂ ಮೆಚ್ಚಿಕೊಂಡರು. ಪಾಟಿಗೆ ಹೇಳಲು ಮಾತ್ರ ನಾನು ಹೋಗಲಿಲ್ಲ. ಇವತ್ತು ನಾಳೆ ಎನ್ನುತ್ತ ಏಳೆಂಟು ತಿಂಗಳು ಕಳೆಯಿತು.

ಒಂದು ಮಧ್ಯಾಹ್ನ ಗೇಟಿನ ಕಾವಲಿನವರು ಬಂದು, ಯಾರೋ ಹೆಂಗಸು ನಿಮ್ಮನ್ನು ಕೇಳುತ್ತಿದ್ದಾರೆ ಎಂದರು. ಪಾಟಿ! ರೈಟರು ಬರೆದುಕೊಟ್ಟ ವಿಳಾಸದ ಚೀಟಿ ಹಿಡಿದು, ಮೂರು ಬಸ್ಸು ಬದಲಾಯಿಸಿ, ಘಟ್ಟದ ತಿರುವುಗಳಲ್ಲಿ ವಾಂತಿ ಮಾಡಿಕೊಂಡು, ಮುಖವೆಲ್ಲ ಬಾಡಿ ನಿಂತಿದ್ದರು. ಪೆಟ್ಟಿಗೆಯಲ್ಲಿಟ್ಟಿದ್ದ ಹಸಿರು ಸೀರೆ ಉಟ್ಟಿದ್ದರು. ಅದಕ್ಕೂ ರಬ್ಬರಿನ ವಾಸನೆ.

"ನೀನು ಬರ್ಲಿಲ್ಲ. ಹಾಗೆ ನಾನೇ ಬಂದೆ" ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ.

ನಾನು ಕಪಾಟು ತೆರೆದು ಡಬ್ಬ ತಂದೆ. ನಂಬರು ಬರೆದ ಪ್ಲಾಸ್ಟಿಕ್ ಡಬ್ಬ, ಒಳಗೆ ಬಿಳಿ ಫೋಮು, ತೇವ ಹೀರುವ ಹರಳಿನ ಪೊಟ್ಟಣ. ಪಾಟಿ ಬಳೆಯನ್ನು ಎತ್ತಿಕೊಂಡರು. ಅವರ ಹೆಬ್ಬೆರಳು ಮೆಲ್ಲಗೆ ಸುತ್ತಿಕೊಂಡು ಬಂದು ಕತ್ತರಿಸಿದ ಜಾಗದಲ್ಲಿ ನಿಂತಿತು.

"ಕತ್ತರಿಸಿದ್ದಿ."

"ಹೌದು, ಪಾಟಿ."

ಹೆಬ್ಬೆರಳು ಅಲ್ಲಿಂದ ಕದಲಲಿಲ್ಲ. ಅದನ್ನು ನೋಡಲಾರದೆ ನಾನು ಕಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳತೊಡಗಿದೆ. ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ಗೆರೆ ತೋರಿಸಿದೆ. ಬಳೆ ಬಿಗಿಯಾದದ್ದು, ತುಂಡು ಸೇರಿಸಿದ್ದು, ಆ ತುಂಡು ಸವೆಯದೆ ಉಳಿದದ್ದು ಎಲ್ಲವನ್ನೂ ಹೇಳಿದೆ. ಅವರು ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಒತ್ತಿ ಹಿಡಿದು ನೋಡುತ್ತಲೇ ಇದ್ದರು. ಭುಜ ಅಲುಗುವುದು ಕಂಡಾಗ ಅಳುತ್ತಿದ್ದಾರೆಂದು ನನಗೆ ಗೊತ್ತಾಯಿತು.

"ಇನ್ನೂ ಬೆಳೀತದೆ ಅಂತ ಅಂದ್ಕೊಂಡಿದ್ದಳು" ಎಂದರು. "ಆ ತಾಯಿ. ಬೆಳೀತದೆ ಅಂತ ದೊಡ್ಡದು ಮಾಡಿಸಿದಳು…"

ಸರ್ ಬಾಗಿಲಲ್ಲಿ ನಿಂತಿದ್ದರು. ಪಾಟಿ ಕಣ್ಣೊರೆಸಿಕೊಂಡು ಎದ್ದು ಅವರ ಮುಂದೆ ಕೈಮುಗಿದು, ಬಳೆ ಕೊಡಿ, ಗುಂಡಿಯಲ್ಲಿಟ್ಟು ಮುಚ್ಚಿ ಬರುತ್ತೇನೆ ಎಂದು ಕೇಳಿದರು.

"ಅಮ್ಮಾ, ಇದು ಸರಕಾರದ್ದು. ಕೊಡುವ ಅಧಿಕಾರ ನನಗೂ ಇಲ್ಲ" ಎಂದರು ಸರ್.

"ಈ ಮಗು ಸರಕಾರದ್ದಾ?" ಎಂದು ಕೇಳಿದರು ಪಾಟಿ.

ಆಮೇಲೆ ತಮ್ಮ ಕೈಚೀಲದಿಂದ ಒಂದು ಬಟ್ಟೆ ತೆಗೆದರು. ಒಗೆದು ಒಗೆದು ಮೆತ್ತಗಾದ ಸೀರೆಯ ತುಂಡು. ಬಳೆಯನ್ನು ಸುತ್ತಿಕೊಂಡು ಹೋಗಲು ತಂದದ್ದು. "ಇದನ್ನಾದ್ರೂ ಅಡಿಗೆ ಹಾಕು, ಕಣ್ಣು. ಆ ಬಿಳಿದು ಬೇಡ" ಎಂದು ನನ್ನ ಕೈಯಲ್ಲಿಟ್ಟರು. ಹಳೆಯ ತಾಮ್ರದ ಹತ್ತಿರ ಅಂಥ ಬಟ್ಟೆ ಇಡಬಾರದು, ತೇವ ಹಿಡಿಯುತ್ತದೆ ಎಂದು ನಮಗೆ ಮೊದಲ ದಿನವೇ ಕಲಿಸಿರುತ್ತಾರೆ. ಅವರು ಹೋದ ಮೇಲೆ ಅದನ್ನು ಒಣಗಿಸುವ ಪೆಟ್ಟಿಗೆಯಲ್ಲಿ ಪೂರ್ತಿ ಒಣಗಿಸಿ, ಫೋಮಿನ ಮೇಲೆ ಹಾಸಿ, ಬಳೆ ಇಟ್ಟೆ. ಸರ್ ನೋಡಿದರು, ನೋಡದವರಂತೆ ಹೊರಗೆ ಹೋದರು. ದಾಖಲೆ ಪುಸ್ತಕದಲ್ಲಿ ನಾವಿಬ್ಬರೂ ಅದನ್ನು ಬರೆಯಲಿಲ್ಲ.

ಬಸ್ಸು ಹತ್ತಿಸುವಾಗ, "ಊರಿಗೆ ಬಂದಾಗ ಮನೆಗೆ ಬರ್ತೇನೆ ಪಾಟಿ" ಎಂದೆ. ಅವರು ಕಿಟಕಿಯಿಂದ ನನ್ನ ಕೈ ಮುಟ್ಟಿ ತಲೆಯಾಡಿಸಿದರು. ಆ ಮಾತನ್ನು ಅವರು ನಂಬಿರಲಿಕ್ಕಿಲ್ಲ. ನಾನು ಹೋಗಲೂ ಇಲ್ಲ. ಮದುವೆಯಾಯಿತು, ಪ್ರಯೋಗಾಲಯ ಬಿಟ್ಟೆ, ಪುತ್ತೂರಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು.

ನನ್ನ ಮಗಳಿಗೆ ಆರು ತುಂಬುವ ಹೊತ್ತಿಗೆ ಅವಳ ಬೆಳ್ಳಿ ಬಳೆ ಕೈಯಲ್ಲಿ ಕಚ್ಚತೊಡಗಿತು. ಪುತ್ತೂರಿನ ಪೇಟೆಯಲ್ಲಿ ಅಕ್ಕಸಾಲಿ ಆಚಾರ್ಯರ ಅಂಗಡಿಗೆ ಹೋದೆವು. ಅವರು ಬಳೆಯನ್ನು ತಿರುಗಿಸಿ ನೋಡಿ, "ಒಂದು ತುಂಡು ಸೇರಿಸಿದ್ರೆ ಆಯ್ತು ಅಕ್ಕ, ಇನ್ನು ಮೂರು ವರ್ಷಕ್ಕೆ ಚಿಂತೆ ಇಲ್ಲ" ಎಂದರು. ಬೇಡ, ಬೇಡ ಎಂದು ಬಳೆ ಕಿತ್ತುಕೊಂಡು ಮಗಳನ್ನು ಎಳೆದುಕೊಂಡು ಹೊರಗೆ ಬಂದೆ. ಅವಳು ಅಳುತ್ತಿದ್ದಳು. ಗಂಡನಿಗೆ ಕಾರಣ ಹೇಳಲು ಗೊತ್ತಾಗಲಿಲ್ಲ. ಆಮೇಲೆ ಅವಳ ಕೈಗೆ ಗಾಜಿನ ಬಳೆ ಮಾತ್ರ ಹಾಕಿದೆ.

ನೆಟ್ಟಣದಲ್ಲಿ ಆ ದಿನ ಗಾಡಿ ಬಂತು, ಹತ್ತಿದೆ. ಆದರೆ ಅದರ ಮುಂದಿನ ಭಾನುವಾರ ತೋಟಕ್ಕೆ ಹೋದೆ, ಇಷ್ಟು ವರ್ಷಗಳ ಮೇಲೆ. ಲೈನ್ ಮನೆಗಳಲ್ಲಿ ಅರ್ಧಕ್ಕರ್ಧ ಬಾಗಿಲು ಮುಚ್ಚಿತ್ತು. ಹಳೆಯ ರೈಟರು ಈಗಿಲ್ಲ. ಪಾಟಿಯ ಮನೆಯಲ್ಲಿ ಬೇರೆ ಯಾರೋ ಇದ್ದರು, ಸಣ್ಣ ವಯಸ್ಸಿನ ಒಬ್ಬಳು ಹೆಂಗಸು.

"ಪಾಟಿ ತೀರಿಹೋಗಿ ತುಂಬ ವರ್ಷ ಆಯ್ತಲ್ಲ ಅಕ್ಕ" ಎಂದಳು. "ಆ ಗುಡ್ಡದಲ್ಲಿ ಮಣ್ಣು ಮಾಡಿದ್ದು. ಈಗ ಎಲ್ಲ ಪ್ಲಾಂಟಿಂಗ್ ಆಗಿದೆ. ಜಾಗ ಯಾರಿಗೂ ಗುರ್ತ ಸಿಗ್ಲಿಕ್ಕಿಲ್ಲ."

ಗುಡ್ಡದ ತುಂಬ ಒಂದೇ ಅಳತೆಯ ಮರಗಳು, ಪ್ರತಿಯೊಂದರ ಎದೆಗೂ ಹಾಲು ಹಿಡಿಯಲು ಕಟ್ಟಿದ ಚಿಪ್ಪು. ಪಾಟಿ ಗಿಡ ನೆಡಬೇಡಿ ಎಂದಿದ್ದ ಗುಂಡಿ ಯಾವುದೆಂದು ನನಗೂ ತಿಳಿಯಲಿಲ್ಲ. ಹೊರಡುವ ಮೊದಲು ಆ ಹೆಂಗಸನ್ನು ಕೇಳಿದೆ. "ಪಾಟಿಗೆ ಸಿಲೋನಿನಲ್ಲಿ ಒಬ್ಬಳು ಮಗಳಿದ್ದಳಲ್ಲ, ಅವಳ ಹೆಸರು ಎಂತ ಅಂತ ಗೊತ್ತುಂಟಾ?"

ಅವಳು ಆಶ್ಚರ್ಯದಿಂದ ನನ್ನನ್ನೇ ನೋಡಿದಳು. "ಪಾಟಿಗೆ ಮಕ್ಕಳೇ ಇರ್ಲಿಲ್ಲ ಅಕ್ಕ. ಯಾರು ಹೇಳಿದ್ದು ನಿಮಗೆ?"

ಆ ಅಂಗಳದಲ್ಲಿ ಕೂತು ಪಾಟಿ ಎಲ್ಲವನ್ನೂ ಹೇಳಿದ್ದರು. ಮಗುವಿನ ಹೆಸರು ಕೇಳಬೇಕೆಂದು ಆ ದಿನ ನನಗೆ ಹೊಳೆಯಲೇ ಇಲ್ಲ. ಅಂಥ ಒಂದು ಮಗು ಇತ್ತೆಂದು ತಿಳಿದವಳು ಈಗ ಇಲ್ಲಿ ನಾನೊಬ್ಬಳೇ.