ಈಶಾನ್ಯದ ಪಾಯಿಖಾನೆ

ಮೂತ್ರಕ್ಕೆ ಹೋಗುವುದೆಂದರೆ ನನಗೆ ಜೀವಭಯ. ಮುಗಿಸಿ ಏಳುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು, ಮೈಯೆಲ್ಲ ಬೆವರು. ಎರಡು ಸಲ ಅಲ್ಲೇ ಕುಸಿದೆ. ನಾಚಿಕೆ ಬಿಟ್ಟು ಗಂಡನಿಗೆ ಹೇಳಿದೆ. ಅವರು ತಾಯಿಗೆ ಹೇಳಿದರು. ಅತ್ತೆ ವಾಸ್ತು ನೋಡುವವರನ್ನು ಕರೆಸಿದರು.

ಕೆ.ಆರ್. ಪುರದ ನನ್ನ ಗಂಡನ ಮನೆಯವರು ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈಗ ಬಾಡಿಗೆ ಮನೆ ಕಟ್ಟಿಸಿದ್ದಾರೆ. ಕಟ್ಟುವುದು, ಒಡೆಯುವುದು ಇವರಿಗೆ ನೀರು ಕುಡಿದಷ್ಟು ಸಲೀಸು. ಪಾಯಿಖಾನೆ ಈಶಾನ್ಯದಲ್ಲಿರುವುದೇ ದೋಷ ಎಂದು ತೀರ್ಮಾನವಾಯಿತು. ನನ್ನನ್ನು ಡಾಕ್ಟರ ಹತ್ತಿರ ಕರೆದೊಯ್ಯಲು ಪುರುಸೊತ್ತಿಲ್ಲದವರೆಲ್ಲ ಗೋಡೆ ಒಡೆಸಲು ನಿಂತರು. ಹೊಸದು ವಾಯವ್ಯದಲ್ಲಿ ಎದ್ದಿತು. ಪೂಜೆ ಮಾಡಿ ಬೂದುಗುಂಬಳ ಒಡೆದರು. ಅಂದು ಸಂಜೆ ಹೊಸ ಟೈಲ್ಸಿನ ಮೇಲೆ ಬಿದ್ದು ನನ್ನ ಹಣೆಯೂ ಒಡೆಯಿತು. ಹೊಲಿಗೆಗಾದರೂ ಆಸ್ಪತ್ರೆ ಬೇಕಾಯಿತಲ್ಲ, ಪುಣ್ಯ.

ಶಿವಾಜಿನಗರದಲ್ಲಿ ಹಣೆ ಹೊಲಿದ ಡಾಕ್ಟರಮ್ಮ ಹೇಗೆ ಬಿದ್ದೆ ಎಂದು ಕೇಳಿ, ಪೂರ್ತಿ ಕೇಳಿಸಿಕೊಂಡರು. ಮೂತ್ರಕ್ಕೆ ಕಳಿಸಿ, ಮುಂಚೆ ಒಮ್ಮೆ, ಬಂದ ಮೇಲೊಮ್ಮೆ ಬಿಪಿ ನೋಡಿದರು. ಎರಡನೆಯದು ಎಷ್ಟು ಏರಿತ್ತೆಂದರೆ, ನಂಬದೆ ನರ್ಸ್ ಬೇರೆ ಮಿಷನ್ ತಂದಳು. ಸ್ಕ್ಯಾನ್‌ನಲ್ಲಿ ಮೂತ್ರಕೋಶದ ಗೋಡೆಯೊಳಗೆ ಗಡ್ಡೆ ಕಂಡಿತು. ಮೂತ್ರಕೋಶ ಹಿಂಡಿಕೊಂಡಾಗಲೆಲ್ಲ ಅದು ರಕ್ತಕ್ಕೆ ಹಾರ್ಮೋನು ಸುರಿಯುತ್ತದೆ, ಬಹಳ ಅಪರೂಪದ್ದು ಎಂದರು. ಕೂಡಲೇ ಕೊಯ್ಯುವಂತೆಯೂ ಇಲ್ಲ, ಮುಟ್ಟಿದರೆ ಟೇಬಲ್ಲಿನ ಮೇಲೇ ಪ್ರಾಣ ಹೋದೀತು. ಕೆಲವು ವಾರ ಮಾತ್ರೆ ನುಂಗಿಸಿ, ಬಿಪಿ ಹತೋಟಿಗೆ ತಂದು, ಮೂತ್ರಕೋಶದ ಒಂದು ತುಂಡಿನ ಸಮೇತ ಗಡ್ಡೆ ತೆಗೆದರು. ಉಳಿದೆ.

ಉಳಿದೆನೆಂದು ಸಂತೋಷಪಡುವಷ್ಟರಲ್ಲಿ, ಇದು ವಂಶದಲ್ಲಿ ಇಳಿದು ಬರಬಹುದು, ಮಗಳ ರಕ್ತವನ್ನೂ ಪರೀಕ್ಷಿಸೋಣ ಎಂದರು. ದೋಷ ನನ್ನ ತವರಿನದೆಂದು ಅತ್ತೆಗೆ ಸಮಾಧಾನವಾಯಿತು. ವರದಿ ಬಂತು. ನನ್ನಿಂದ ಮಗಳಿಗೂ ದಾಟಿದೆ. ಗಡ್ಡೆ ಸದ್ಯಕ್ಕಿಲ್ಲ, ಆದರೆ ಬದುಕಿರುವವರೆಗೂ ತಪಾಸಣೆ ತಪ್ಪುವಂತಿಲ್ಲ.

ಯಾರಾದರೂ ನೋಡಿದರೆ ಹುಡುಗಿಗೆ ಗಂಡು ಸಿಗುವುದಿಲ್ಲ, ಆಸ್ಪತ್ರೆ ಸಹವಾಸ ಬೇಡ ಎಂದರು ಅತ್ತೆ. ನನಗೆ ರೇಗಿತು.

"ಮದ್ವೆ ಆಮೇಲೆ ಅತ್ತೆ. ಮೊದ್ಲು ಅವ್ಳು ಬದುಕ್ಬೇಕು" ಎಂದೆ.

ಅಷ್ಟು ಜೋರು ಮಾಡಿದ ನಾನೇ ಈಗ, ಮಗಳು ಪಾಯಿಖಾನೆಗೆ ಹೋದರೆ ಬಾಗಿಲ ಹೊರಗೆ ನಿಂತು ಕಿವಿಗೊಡುತ್ತೇನೆ. ಮೊನ್ನೆ ಚಿಲಕ ತೆಗೆಯದೆ ಒಳಗಿನಿಂದಲೇ ಹೇಳಿದಳು:

"ಹೋಗಮ್ಮ. ನೀನು ಅಲ್ಲಿ ನಿಂತ್ರೇನೇ ನಂಗೆ ಭಯ ಆಗೋದು."