ದೂಮಪ್ಪ ಹೊಲಿದ ಹಳದಿ ಕರ್ಟನ್

ದೋಹಾದ ಅಲ್ ಸದ್ದ್‌ನಲ್ಲಿ ನನ್ನದೊಂದು ಕರ್ಟನ್ ಅಂಗಡಿ. ಬಟ್ಟೆ ಮಾರುವವನು ನಾನು, ಅದನ್ನು ಹೊಲಿದು ಗಿರಾಕಿಗಳ ಕಿಟಕಿಗೆ ತೂಗುಹಾಕುವವನು ಕಾರ್ಕಳ ಕಡೆಯ ದೂಮಪ್ಪ. ಸಂಸಾರಸ್ಥರ ಫ್ಲ್ಯಾಟುಗಳ ಕಿಟಕಿ ಅಳೆಯುವುದರಲ್ಲೇ ಅವನ ಅರ್ಧ ಆಯುಷ್ಯ ಕಳೆದಿತ್ತು. ಅವನು ಮಲಗುವ ಕೋಣೆಗೆ ಮಾತ್ರ ಕಿಟಕಿಯೇ ಇರಲಿಲ್ಲ. ಹಳೆಯ ವಿಲ್ಲಾವೊಂದನ್ನು ಪ್ಲೈವುಡ್ಡಿನಿಂದ ಸೀಳಿ ಮಾಡಿದ, ನಾಲ್ಕು ಮಂಚ ಹಿಡಿಸುವ ಗೂಡು ಅದು.

"ಕಿಟಕಿ ಇಲ್ಲದವನಿಗೆ ಕರ್ಟನ್ ಮಾರ್ಲಿಕ್ಕೆ ನನ್ನಿಂದಲೂ ಆಗ್ಲಿಕ್ಕಿಲ್ಲ ಮಾರಾಯ" ಎಂದು ನಾನು ಕೆಣಕುತ್ತಿದ್ದೆ. ಅವನು ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ನಗುತ್ತಿದ್ದ.

2008ರಲ್ಲಿ ಅವನಿಗೂ ಕಿಟಕಿಯ ಆಸೆ ಹುಟ್ಟಿತು. ಹೆಂಡತಿ ಜ್ಯೋತ್ಸ್ನಾಳನ್ನೂ ಮಗಳು ಅಮಿತಾಳನ್ನೂ ಕರೆಸಿಕೊಳ್ಳಬೇಕು. ನಮ್ಮ ಅಂಗಡಿ ಯಾವ ಅರಬನ ಹೆಸರಿನಲ್ಲಿದೆಯೋ ಆ ಕಫೀಲ ಪುಣ್ಯಾತ್ಮ, ಹೊಲಿಗೆಯವನಿಗೆ ಸಂಸಾರದ ವೀಸಾ ಸಿಗುವುದಿಲ್ಲವೆಂದು ದೂಮಪ್ಪನನ್ನು ಕಾಗದದಲ್ಲಿ ಮ್ಯಾನೇಜರ್ ಮಾಡಿ ಇಬ್ಬರಿಗೂ ವೀಸಾ ತೆಗೆಸಿಕೊಟ್ಟ. ಅಲ್ ವುಕೈರ್‌ನ ಹೊಸ ಕಟ್ಟಡವೊಂದರಲ್ಲಿ ದೂಮಪ್ಪ ಫ್ಲ್ಯಾಟನ್ನೂ ನೋಡಿಟ್ಟ. ಮಾಲೀಕನಿಗೆ ವರ್ಷದ ಬಾಡಿಗೆ ಒಮ್ಮೆಗೇ ಬೇಕಂತೆ. ಮುಕ್ಕಾಲು ಪಾಲು ಇವನಲ್ಲಿತ್ತು. ಉಳಿದದ್ದು ಎಲ್ಲಿಂದ ಎಂದು ಗೊತ್ತಾಗುವ ಮೊದಲೇ ಫೋನಿನಲ್ಲಿ ಮಗಳನ್ನು ಕೇಳಿ ಹಳದಿ ಬಟ್ಟೆ ಆರಿಸಿ, ಆ ಮನೆಯ ಎಲ್ಲ ಕಿಟಕಿಗಳಿಗೂ ಕರ್ಟನ್ ಹೊಲಿದು ನನ್ನ ಅಂಗಡಿಯ ಅಟ್ಟದಲ್ಲಿಟ್ಟ.

"ಬೀಗದ ಕೈ ಸಿಗುವ ಮೊದಲೇ ಕರ್ಟನಾ?" ಎಂದೆ.

"ಅಳತೆ ತಗೊಂಡಾಯ್ತಲ್ಲ ಧನಿ. ಇನ್ನು ಹೊಲಿಯದಿದ್ರೆ ಕೈ ಕೇಳುದಿಲ್ಲ."

ಉಳಿದ ಕಾಲು ಪಾಲಿಗೆ ದಾರಿ ತೋರಿಸಿದವನು ಪಕ್ಕದ ಟ್ರಾವೆಲ್ಸಿನ ಝಕರಿಯಾ. "ಊರಿಗೆ ಕಠ್ಮಂಡು ಮೇಲಿಂದ ಹೋಗು ಮಾರಾಯ. ಅಲ್ಲಿ ನಮ್ಮಂಥವರಿಗೇ ಅಂತ ಸಣ್ಣ ಕ್ಯಾಸಿನೋ ಹೋಟೆಲ್ ಉಂಟು. ಆಟದ ಬಿಲ್ಲೆ ತಗೊಂಡ್ರೆ ರೂಮು ಬಿಟ್ಟಿ, ಊಟ ಬಿಟ್ಟಿ. ಎರಡು ದಿನ ರಾಜನ ಹಾಗೆ ಇದ್ದು, ಬಾಕಿ ದುಡ್ಡು ಗೆದ್ದು, ಹೆಂಡ್ತಿ ಮಗಳನ್ನು ಕರ್ಕೊಂಡು ಬಾ."

ನಾನು ಹೇಳಿದೆ, "ದೂಮಪ್ಪ, ನಾನು ವ್ಯಾಪಾರಿ. ಊಟವೂ ಬಿಟ್ಟಿ, ಹಾಸಿಗೆಯೂ ಬಿಟ್ಟಿ ಅಂತಾದ್ರೆ ಆ ಅಂಗಡಿಯಲ್ಲಿ ಮಾರಾಟಕ್ಕೆ ಇರುದು ಗಿರಾಕಿಯೇ."

"ನಾನೆಂತ ಕಣ್ಣು ಮುಚ್ಚಿ ಆಡ್ತೇನಾ? ಅಲ್ಲಿ ಚಕ್ರದಲ್ಲಿ ಇರುದು ಕೆಂಪು, ಕಪ್ಪು ಎರಡೇ ಅಂತೆ. ನಮ್ಮಪ್ಪ ಕೋಳಿ ಅಂಕದಲ್ಲಿ ಬಣ್ಣ ಹೇಳಿದ್ರೆ ತಪ್ಪಿದ್ದಿಲ್ಲ ಧನಿ."

ನಮ್ಮ ತುಳುವರಲ್ಲಿ ಕೋಳಿ ಕಾದಾಟಕ್ಕೂ ಒಂದು ಪಂಚಾಂಗವುಂಟು. ಯಾವ ವಾರ, ಯಾವ ನಕ್ಷತ್ರ, ಹೊತ್ತು ಎಷ್ಟೇರಿದಾಗ ಯಾವ ಬಣ್ಣದ ಹುಂಜ ಗೆಲ್ಲುತ್ತದೆ, ಅದನ್ನು ಯಾವ ದಿಕ್ಕಿಗೆ ಮುಖ ಮಾಡಿ ಬಿಡಬೇಕು, ಎಲ್ಲವೂ ಅದರಲ್ಲಿದೆ. ಹುಂಜಗಳು ಅದನ್ನು ಓದಿರುವುದಿಲ್ಲ ಎನ್ನುವುದೊಂದೇ ಕೊರತೆ. ದೂಮಪ್ಪನಿಗೆ ಅದು ಬಾಯಿಪಾಠ.

ಹೋದ. ರಜೆ ಅರ್ಧವೂ ಮುಗಿಯುವ ಮುಂಚೆ ಫೋನು ಬಂತು, "ಧನಿ, ನಾಳೆ ಮಧ್ಯಾಹ್ನ ಬರ್ತೇನೆ. ಗಾಡಿ ತರ್ತೀರಾ?" ಸಂಸಾರ ಬರುತ್ತದೆಂದು ನಾನು ವ್ಯಾನಿನಿಂದ ಬಟ್ಟೆಯ ಸುರುಳಿಗಳನ್ನೆಲ್ಲ ಇಳಿಸಿ, ಸೀಟು ಒರೆಸಿ ಏರ್‌ಪೋರ್ಟಿಗೆ ಹೋದೆ. ಝಕರಿಯಾನ ತಾಯಿ ಆಮಿನಮ್ಮ ಮಗುವಿಗೆಂದು ಒಂದು ಡಬ್ಬಿ ಸಿಹಿಯನ್ನೂ ಕೊಟ್ಟಿದ್ದರು. ಹೊರಗೆ ಬಂದವನು ದೂಮಪ್ಪ ಒಬ್ಬನೇ.

"ಎಲ್ಲಿ ಅವರು?"

"ಊರಿಗೆ ಹೋಗ್ಲಿಲ್ಲ ಧನಿ. ಖಲಾಸ್."

ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದ. ಹೋಟೆಲಿನ ರತ್ನಗಂಬಳಿಯಲ್ಲಿ ಬೀಡಿ ಸುಟ್ಟ ತೂತುಗಳಿದ್ದುವಂತೆ, ನಲ್ಲಿಯಲ್ಲಿ ತುಕ್ಕುನೀರು. ಆದರೂ ಬಾಗಿಲಿನವನು ಸಲಾಮು ಹೊಡೆದನಂತೆ, ಕೋಟು ತೊಟ್ಟವನೊಬ್ಬ 'ಸರ್, ಇನ್ನೊಂದು ರೊಟ್ಟಿ ಹಾಕಲಾ?' ಎಂದನಂತೆ. ಅದನ್ನು ಅವನು ಎರಡು ಸಲ ಹೇಳಿದ. ಇಷ್ಟು ವರ್ಷದಲ್ಲಿ ಕತಾರಿನಲ್ಲಿ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ.

ಮೊದಲ ದಿನ ಪಂಚಾಂಗ ಕೆಂಪು ಅಂದಿತು, ಕೆಂಪೇ ಬಂತು. ಬೇಕಾದದ್ದರಲ್ಲಿ ಹೆಚ್ಚಿನಂಶ ಕೈಗೆ ಹತ್ತಿತು.

"ಆಗ ಏಳ್ಬೇಕಿತ್ತು."

"ಎದ್ದೆ. ಬೆಳಿಗ್ಗೆ ಪುನಃ ಕೂತೆ. ಚೂರು ಬಾಕಿ ಇತ್ತಲ್ಲ."

ಮರುದಿನ ಕಪ್ಪಿನ ಹೊತ್ತು. ಕಪ್ಪಿಗೆ ಕಟ್ಟಿದ, ಸೋತ. ಕೈಗಡಿಯಾರ ನೋಡಿದರೆ ಅದು ಇನ್ನೂ ದೋಹಾದ ಗಂಟೆಯಲ್ಲೇ ಇತ್ತು! "ಪಂಚಾಂಗ ತಪ್ಪಿದ್ದಲ್ಲ ಧನಿ, ಗಂಟೆ ತಪ್ಪಿದ್ದು" ಎಂದ, ಈಗಲೂ ನನ್ನನ್ನು ಒಪ್ಪಿಸುವ ದನಿಯಲ್ಲಿ. ಗಂಟೆ ಸರಿಮಾಡಿ ಆಡಿದ, ಸೋತ. ನೇಪಾಳದ ಗಡಿಯಾರ ನಮ್ಮೂರಿನದಕ್ಕಿಂತ ಕಾಲು ಗಂಟೆ ಮುಂದೆ ಎಂದು ಯಾರೋ ಹೇಳಿದರು. ಅದನ್ನೂ ಕಳೆದು ಆಡಿದ. ಪೂರ್ವ ಯಾವ ಕಡೆ ಎಂದು ಚಕ್ರ ತಿರುಗಿಸುವ ಹುಡುಗಿಯನ್ನು ಕೇಳಿ ಕುರ್ಚಿಯನ್ನೂ ಬದಲಿಸಿದ. ಪ್ರತಿ ಸೋಲಿಗೂ ಒಂದು ಸರಿಯಾದ ಕಾರಣ ಸಿಗುತ್ತಿತ್ತು, ಹಾಗಾಗಿ ಪ್ರತಿ ಸಲವೂ ಇನ್ನೊಂದು ಆಟ ಬೇಕಾಗುತ್ತಿತ್ತು.

"ಕಡೆಗೆ ಸೂರ್ಯನನ್ನೇ ನೋಡಿ ಹೊತ್ತು ತಿಳಿಯುವ ಅಂತ ಎದ್ದೆ. ಅಲ್ಲಿ ಗೋಡೆಗೆ ಉದ್ದುದ್ದ ಕರ್ಟನ್ ಧನಿ, ವೆಲ್ವೆಟು. ಹೊಲಿಗೆ ಏನೂ ಸಾಲದು. ಸರಿಸಿ ನೋಡಿದೆ." ಅವನು ಡಬ್ಬಿಯನ್ನು ಇನ್ನೊಂದು ತೊಡೆಗೆ ಸರಿಸಿಟ್ಟುಕೊಂಡ. "ಹಿಂದೆ ಕಿಟಕಿ ಇಲ್ಲ. ಗೋಡೆ."

ಕಿಸೆಯಲ್ಲಿ ಉಳಿದದ್ದು ದೋಹಾಕ್ಕೆ ಮರಳುವ ಟಿಕೇಟು ಮಾತ್ರ. ವೀಸಾ ಕ್ಯಾನ್ಸಲ್ ಆಯ್ತು, ರಜೆಯೂ ಸಿಗಲಿಲ್ಲ ಎಂದು ಅಲ್ಲಿಂದಲೇ ಮನೆಗೆ ಫೋನು ಮಾಡಿದ್ದ.

ಆ ವಾರ ಜ್ಯೋತ್ಸ್ನಾ ಅಂಗಡಿಗೆ ಫೋನು ಮಾಡಿದಳು. "ಅಣ್ಣ, ವೀಸಾ ಕ್ಯಾನ್ಸಲ್ ಆಯ್ತಂತೆ?"

"ನಿಮ್ಮವರು ಹೇಳಿದ ಮೇಲೆ ನಾನೆಂತ ಹೇಳುದಮ್ಮ?"

"ಅವರು ಫೋನು ಮಾಡಿದ್ದು ಕತಾರಿನ ನಂಬರಿನಿಂದ ಅಲ್ಲ. ನಾನು ಕೋಳಿ ಅಂಕದ ಮನೆಗೆ ಬಂದ ಸೊಸೆ ಅಣ್ಣ. ನಮ್ಮ ಮಾವ ಸೋತು ಬಂದ ದಿನವೂ ಹೀಗೆಯೇ, ಬೇಕಾದ್ದಕ್ಕಿಂತ ಹೆಚ್ಚು ಮಾತಾಡ್ತಿದ್ರು." ಆಮೇಲೆ ಕೇಳಿದಳು, "ಊಟ ಮಾಡ್ತಾರಾ?"

"ಮಾಡ್ತಾನೆ."

"ಹಾಗಾದ್ರೆ ಸಾಕು. ನನಗೆ ಗೊತ್ತಾಗಿದೆ ಅಂತ ಹೇಳ್ಬೇಡಿ. ಅಮಿತಾಳಿಗೆ ಮಾತ್ರ ಎಂತ ಹೇಳುದು ಅಂತ ತಿಳಿಯುದಿಲ್ಲ. ಶಾಲೆಯಲ್ಲಿ ಎಲ್ಲರಿಗೂ ಹೇಳಿ ಬಂದಿದ್ದಾಳೆ."

ವೀಸಾದ ಅವಧಿ ಮುಗಿಯಿತು. ಇನ್ನೊಮ್ಮೆ ಕೇಳಲು ದೂಮಪ್ಪ ಕಫೀಲನ ಮುಖ ನೋಡಲಿಲ್ಲ.

ಚಳಿಗಾಲದಲ್ಲಿ ಪಂಚಪ್ಪ ಅನ್ನುವವರು ಹೆಂಡತಿ ನೀಲಗಂಗಾಳೊಡನೆ ಅಂಗಡಿಗೆ ಬಂದರು. ಬಾಗಲಕೋಟೆಯವರು, ಮೆಸಯೀದ್‌ನ ಪ್ಲಾಂಟಿನಲ್ಲಿ ಟೆಕ್ನೀಷಿಯನ್. ವುಕೈರ್‌ನಲ್ಲಿ ಮನೆ ಹಿಡಿದಿದ್ದರು. ಕಟ್ಟಡದ ಹೆಸರು, ಫ್ಲ್ಯಾಟಿನ ನಂಬರು ಹೇಳಿದಾಗ ದೂಮಪ್ಪನ ಮಿಷನ್ನು ನಿಂತಿತು.

"ಅಳತಿ ತೊಗೊಳ್ಳಾಕ ಯಾವಾಗ ಬರ್ತೀರ್ರಿ ಅಣ್ಣಾರ?" ಎಂದಳು ನೀಲಗಂಗಾ.

"ಅಳತೆ ಉಂಟು ಅಕ್ಕ" ಎಂದು ಅವನು ಅಟ್ಟ ಹತ್ತಿದ.

ಹಳದಿ ಗಂಟು ಇಳಿಸುವಾಗ ನಾನು ಮೆಲ್ಲಗೆ ಅಂದೆ, "ಬೇರೆ ಬಟ್ಟೆ ತೋರಿಸುವ ಮಾರಾಯ. ಇದು ಇರ್ಲಿ."

"ಸೋತ ಹುಂಜ ಗೆದ್ದವರ ಮನೆಗೆ ಹೋಗ್ಬೇಕು ಧನಿ. ಕ್ರಮ ಅದು."

ಬಟ್ಟೆಯ ರೇಟು ನಾನು ಹೇಳಿದೆ. ಹೊಲಿಗೆಯದ್ದು ಅವನು ಹೇಳಲಿಲ್ಲ.

ತೂಗುಹಾಕುವ ದಿನ ಏಣಿ ಹಿಡಿಯಲು ನಾನೇ ಹೋದೆ. ಒಂದೊಂದೂ ಕಿಟಕಿಗೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ ಕೂತಿತು.

"ಅಯ್ಯ, ನಮ್ಮನಿಗೇ ಅಂತ ಹೊಲದಂಗ ಅದಾವಲ್ರೀ!" ಎಂದು ನೀಲಗಂಗಾ ಕೈತಟ್ಟಿದಳು.

ದೂಮಪ್ಪನ ಬಾಯಲ್ಲಿ ಪಿನ್ನುಗಳಿದ್ದವು. ಏಣಿಯ ಮೇಲಿಂದಲೇ ಕೊನೆಯ ಕರ್ಟನನ್ನು ಪೂರ್ತಿ ಸರಿಸಿ ನೋಡಿದ. ಹಿಂದೆ ಬಿಸಿಲು, ಅರ್ಧ ಎದ್ದ ಕಟ್ಟಡಗಳು, ಮಕ್ಕಳನ್ನು ಇಳಿಸುತ್ತಿದ್ದ ಒಂದು ಶಾಲೆಯ ಬಸ್ಸು. ಬಸ್ಸು ಹೊರಡುವವರೆಗೂ ನೋಡಿದ. ಆಮೇಲೆ ಕರ್ಟನ್ ಎಳೆದು, ಅಂಚು ನೇರ ಮಾಡಿ, ಕೆಳಗಿಳಿದ.